ಬರದ ನೆನಪು, ಬಿತ್ತನೆಯ ಅರಿವು: ಗೊಳಸಂಗಿ ಸೀಮೆ ಮತ್ತು ಹವಾಮಾನ ಹೊಂದಾಣಿಕೆಯ ಅಂತಾರಾಷ್ಟ್ರೀಯ ಸಹಕಾರ

ಕೃಷ್ಣಾ ನದಿಯ ಉತ್ತರಕ್ಕೆ, ಬಸವನ ಬಾಗೇವಾಡಿ ಮತ್ತು ಆಲಮಟ್ಟಿಗಳ ನಡುವಿನ ಎರೆಭೂಮಿಯಲ್ಲಿ ಗೊಳಸಂಗಿ ಇದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳನ್ನು ಒಳಗೊಂಡ ಈ ಭೂಭಾಗವು ಕೃಷಿ ಹವಾಮಾನದ ದೃಷ್ಟಿಯಿಂದ ಕರ್ನಾಟಕದ ಉತ್ತರ ಒಣವಲಯಕ್ಕೆ ಸೇರಿದೆ. ವರ್ಷದ ಸರಾಸರಿ ಮಳೆ ಸುಮಾರು 600 ಮಿಲಿಮೀಟರು. ಮಳೆಯ ಪ್ರಮಾಣ ಕಡಿಮೆ ಎನ್ನುವುದಕ್ಕಿಂತ ಅದು ಬೀಳುವ ಹೊತ್ತು ನಿಶ್ಚಿತವಲ್ಲ ಎನ್ನುವುದೇ ಇಲ್ಲಿನ ಒಕ್ಕಲುತನದ ಮೂಲ ಸಮಸ್ಯೆಯಾಗಿದೆ. ಮುಂಗಾರು ಕೈಕೊಟ್ಟ ವರ್ಷ ಹಿಂಗಾರನ್ನು ನಂಬಿ, ಹಿಂಗಾರೂ ಕೈಕೊಟ್ಟಾಗ ಗುಳೆ ಹೊರಟು ಬದುಕಿದ ಜನಸಮುದಾಯಗಳು ಇಲ್ಲಿವೆ.

ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ಕುರಿತಾದ ಸಂಶೋಧನೆ ಹಾಗೂ ನೀತಿಗಳು 1992ರ ರಿಯೋ ಸಮ್ಮೇಳನದ ತರುವಾಯ ಹುಟ್ಟಿದವೆಂಬ ಭಾವನೆ ಸಾಮಾನ್ಯವಾಗಿದೆ. ಈ ಸೀಮೆಯ ಚರಿತ್ರೆಯನ್ನು ನೋಡಿದರೆ ಆ ಭಾವನೆ ಸಡಿಲವಾಗುತ್ತದೆ. ಇಲ್ಲಿನ ಬರಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ದೇಶದೇಶಗಳ ಹವಾಮಾನ ವೀಕ್ಷಕರು ಪರಸ್ಪರ ಮಾಹಿತಿ ಹಂಚಿಕೊಳ್ಳಲು ಕಾರಣವಾದವು. ಇಪ್ಪತ್ತನೆಯ ಶತಮಾನದಲ್ಲಿ ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಮೊದಲಾದ ದೇಶಗಳ ನೆರವಿನಿಂದ ನಡೆದ ಒಣಬೇಸಾಯದ ಸಂಶೋಧನೆಗೆ ಇಂಥ ಸೀಮೆಗಳೇ ಪ್ರಯೋಗಭೂಮಿಯಾದವು. ಈ ಎಲ್ಲ ಸಹಕಾರಕ್ಕೆ ಆಧಾರವಾಗಿ ನಿಂತದ್ದು ಜನಪದರ ಬೀಜ, ಬದು, ಬಿತ್ತನೆಗಳ ಅರಿವು. ಆ ಅರಿವು ಸಂಶೋಧನೆಯೊಳಗೆ ಹೇಗೆ ಸೇರಿತು, ಸೇರಿದ ಬಳಿಕ ಅದರ ಒಡೆತನ ಏನಾಯಿತು, ಸಂಶೋಧನೆಯ ಫಲ ಊರಿಗೆ ಎಷ್ಟರ ಮಟ್ಟಿಗೆ ಮರಳಿತು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಬರಕ್ಕೆ ಹೆಸರಿಟ್ಟ ಜನ

ವಿಜಾಪುರ ಸೀಮೆಯ ಜನ ಕಾಲವನ್ನು ಬರಗಳಿಂದ ಎಣಿಸಿದವರು. ಯಾರದೋ ಹುಟ್ಟು, ಯಾರದೋ ಮದುವೆ ಇಂಥ ಬರದ ಹಿಂದಿನ ವರ್ಷ ಅಥವಾ ಮುಂದಿನ ವರ್ಷ ಎಂದು ಹೇಳುವ ರೂಢಿ ಹಳ್ಳಿಗಳಲ್ಲಿ ಇತ್ತೀಚಿನವರೆಗೂ ಇತ್ತು. ಇಂಥ ಹೆಸರುಗಳಲ್ಲಿ ಭೀಕರವಾದದ್ದು ‘ಡೋಗಿ ಬರ’. 1791–92ರ ಈ ಬರದಲ್ಲಿ ಸತ್ತವರನ್ನು ಮಣ್ಣು ಮಾಡುವವರೂ ಉಳಿಯದೆ ಹೊಲಗಳಲ್ಲಿ ತಲೆಬುರುಡೆಗಳು ಬಿದ್ದಿದ್ದವೆಂಬುದರಿಂದ ಅದಕ್ಕೆ ಆ ಹೆಸರು ಬಂದಿತೆಂದು ಹೇಳಲಾಗುತ್ತದೆ. ಪರಿಸರ ಚರಿತ್ರೆಕಾರ ರಿಚರ್ಡ್ ಗ್ರೋವ್ ಅವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1789ರಿಂದ 1793ರವರೆಗೆ ಶಾಂತಸಾಗರದಲ್ಲಿ ಉಂಟಾದ ಪ್ರಬಲ ಎಲ್ ನಿನೋ ವಿದ್ಯಮಾನವು ಜಗತ್ತಿನ ಹಲವು ಭಾಗಗಳಲ್ಲಿ ಅನಾವೃಷ್ಟಿಯನ್ನು ತಂದಿತೆಂದು ತೋರಿಸಿದರು. ಜನಪದ ನೆನಪಿನಲ್ಲಿ ಇನ್ನೂರು ವರ್ಷ ಉಳಿದ ಒಂದು ಹೆಸರು ಹೀಗೆ ಜಾಗತಿಕ ಹವಾಮಾನದ ಚರಿತ್ರೆಯೊಳಗೆ ತನ್ನ ಸ್ಥಾನವನ್ನು ಪಡೆಯಿತು.

ಎರಡನೆಯ ದೊಡ್ಡ ಆಘಾತ 1876–78ರ ಬರ. ಆಗ ಈ ಪ್ರದೇಶವು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯಾಗಿತ್ತು. ಜಿಲ್ಲಾ ಕೇಂದ್ರವು ವಿಜಾಪುರಕ್ಕೆ ಬಂದದ್ದು 1885ರಲ್ಲಿ. 1872ರ ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಪಾಲಿನಷ್ಟು ಕುಸಿದು 6,38,493ಕ್ಕೆ ಇಳಿಯಿತು. ಸತ್ತವರೊಂದಿಗೆ ಊರು ಬಿಟ್ಟು ಹೋಗಿ ಮರಳಿ ಬಾರದವರೂ ಈ ಕುಸಿತದಲ್ಲಿ ಸೇರಿದ್ದಾರೆ. ಬರದ ತರುವಾಯ ನೇಮಕಗೊಂಡ ಕ್ಷಾಮ ಆಯೋಗವು 1880ರಲ್ಲಿ ವರದಿ ಸಲ್ಲಿಸಿತು. ಬರಪೀಡಿತ ಸೀಮೆಗೆ ಧಾನ್ಯ ಸಾಗಿಸುವ ಉದ್ದೇಶವೂ ಸೇರಿ ನಿರ್ಮಾಣವಾದ ಹೋಟಗಿ–ಗದಗ ರೈಲುಮಾರ್ಗವು 1884ರಲ್ಲಿ ಇಂಡಿ, ವಿಜಾಪುರ, ಆಲಮಟ್ಟಿಗಳ ಮೂಲಕ ಹಾದುಹೋಯಿತು. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಈ ಸೀಮೆಯ ಮೊದಲ ಹೊಂದಾಣಿಕೆಯ ಯೋಜನೆ.

ಇದೇ ಬರವು ವಿಜ್ಞಾನದಲ್ಲಿಯೂ ಒಂದು ತಿರುವನ್ನು ತಂದಿತು. 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ 1877ರ ಮಳೆಯ ಅಭಾವಕ್ಕೆ ಕಾರಣ ಹುಡುಕುತ್ತ ಇತರ ದೇಶಗಳ ವೀಕ್ಷಣಾಲಯಗಳಿಂದ ವಾಯುಭಾರದ ಅಂಕಿಅಂಶಗಳನ್ನು ತರಿಸಿಕೊಂಡರು. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿದ್ದ ಚಾರ್ಲ್ಸ್ ಟಾಡ್ ಭಾರತದ ಮತ್ತು ಆಸ್ಟ್ರೇಲಿಯಾದ ಅನಾವೃಷ್ಟಿಗಳು ಒಟ್ಟೊಟ್ಟಿಗೆ ಬರುವುದನ್ನು ಗುರುತಿಸಿದರು. ಹಿಮಾಲಯದ ಹಿಮಪಾತವನ್ನು ಆಧರಿಸಿ ಮುಂಗಾರಿನ ದೀರ್ಘಾವಧಿ ಮುನ್ಸೂಚನೆ ನೀಡುವ ಕ್ರಮ 1886ರಲ್ಲಿ ಆರಂಭವಾಯಿತು. 1904ರಿಂದ 1924ರವರೆಗೆ ಇಲಾಖೆಯ ನೇತೃತ್ವ ವಹಿಸಿದ ಗಿಲ್ಬರ್ಟ್ ವಾಕರ್ ಜಗತ್ತಿನ ವಿವಿಧ ಕೇಂದ್ರಗಳ ದಾಖಲೆಗಳನ್ನು ಹೋಲಿಸಿ ‘ದಕ್ಷಿಣದ ಆಂದೋಲನ’ ಎಂಬ ವಾಯುಭಾರದ ಏರಿಳಿತವನ್ನು ಕಂಡುಹಿಡಿದರು. ಎಲ್ ನಿನೋ ಕುರಿತ ಆಧುನಿಕ ತಿಳಿವಳಿಕೆಗೆ ಇದು ಅಡಿಪಾಯವಾಗಿದೆ. ದಖ್ಖನಿನ ಹಸಿವು ಹುಟ್ಟಿಸಿದ ಪ್ರಶ್ನೆಗೆ ಹಲವು ದೇಶಗಳು ಸೇರಿ ಉತ್ತರ ಹುಡುಕಿದ ಮೊದಲ ಸಂದರ್ಭವಿದು.

ಮಳೆಯ ಲೆಕ್ಕ, ಕಾಳಿನ ಲೆಕ್ಕ

ವೀಕ್ಷಣಾಲಯಗಳು ಬರುವುದಕ್ಕೆ ಮೊದಲು ಈ ಸೀಮೆಯಲ್ಲಿ ಮಳೆಯ ಲೆಕ್ಕ ಇರಲಿಲ್ಲವೆಂದಲ್ಲ. ರೋಹಿಣಿಯಿಂದ ಸ್ವಾತಿಯವರೆಗಿನ ಮಳೆ ನಕ್ಷತ್ರಗಳು ಹದಿಮೂರು ಹದಿನಾಲ್ಕು ದಿನಗಳಿಗೊಂದರಂತೆ ಹಂಗಾಮನ್ನು ವಿಭಾಗಿಸುತ್ತವೆ. ಪ್ರತಿ ನಕ್ಷತ್ರಕ್ಕೂ ಒಂದು ಕೆಲಸ, ಒಂದು ಬೆಳೆ, ಒಂದು ಗಾದೆ ಇದೆ. ಹಿಂಗಾರಿ ಬಿಳಿಜೋಳವನ್ನು ಉತ್ತರಿ, ಹಸ್ತ ಮಳೆಗಳ ಹದ ನೋಡಿ ಬಿತ್ತುತ್ತಾರೆ. ‘ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು’ ಎಂಬ ಗಾದೆಯು ಆಗಸ್ಟ್ ತಿಂಗಳ ಉತ್ತರಾರ್ಧದ ಮಳೆಯನ್ನು ಎರೆಮಣ್ಣು ಕುಡಿದು ಹಿಂಗಾರಿಗಾಗಿ ಕಾದಿಡುತ್ತದೆಂಬ ಅನುಭವವನ್ನೂ ಹೇಳುತ್ತದೆ. ‘ಡೋಣಿ ಬೆಳೆದರೆ ಓಣೆಲ್ಲ ಕಾಳು’ ಎಂಬ ಮಾತು ಡೋಣಿ ನದಿ ದಂಡೆಯ ಆಳವಾದ ಎರೆಭೂಮಿಯ ಸಾಮರ್ಥ್ಯವನ್ನು ಸಾರುತ್ತದೆ. ‘ಬೆಳೆದರೆ’ ಎಂಬ ಷರತ್ತಿನಲ್ಲಿ ಅನಿಶ್ಚಿತತೆಯ ಒಪ್ಪಿಗೆಯೂ ಇದೆ.

ಕಾರಹುಣ್ಣಿಮೆಯ ಕರಿ ಹರಿಯುವ ಓಟದಲ್ಲಿ ಬಿಳಿ ಎತ್ತು ಮುಂದಾದರೆ ಹಿಂಗಾರಿ, ಕೆಂದೆತ್ತು ಮುಂದಾದರೆ ಮುಂಗಾರಿ ಬೆಳೆ ಚೆನ್ನಾಗುತ್ತದೆಂಬ ನಂಬಿಕೆ ಇದೆ. ಇದನ್ನು ಮುನ್ಸೂಚನೆಯೆಂದು ಭಾವಿಸಿ ನಿಜ ಸುಳ್ಳುಗಳನ್ನು ತೂಗುವುದು ಆಚರಣೆಯ ಉದ್ದೇಶವನ್ನು ತಪ್ಪಾಗಿ ತಿಳಿದಂತೆ. ಊರಿನ ಒಕ್ಕಲು ಮಕ್ಕಳೆಲ್ಲ ಒಂದೆಡೆ ಸೇರಿ ಎರಡು ಹಂಗಾಮುಗಳಲ್ಲಿ ಒಂದು ಕೈಕೊಡಬಹುದೆಂಬುದನ್ನು ನೆನೆಯುವ, ಯಾವುದಕ್ಕೆ ಎಷ್ಟು ಹೊಲ ಬಿಡಬೇಕೆಂದು ಮಾತಾಡಿಕೊಳ್ಳುವ ಸಂದರ್ಭವನ್ನು ಅದು ಒದಗಿಸುತ್ತದೆ. ಮಳೆ ತಡೆದಾಗ ಮಣ್ಣಿನ ಗುರ್ಜಿಯನ್ನು ಹಂಚಿನ ಮೇಲಿಟ್ಟು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗಿ, ನೀರು ಹಾಕಿಸಿಕೊಂಡು ಕಾಳು ಸಂಗ್ರಹಿಸುವ ಪದ್ಧತಿಯಲ್ಲಿ ಪ್ರಾರ್ಥನೆಯೊಂದಿಗೆ ಹಂಚಿ ಉಣ್ಣುವ ಏರ್ಪಾಡೂ ಇದೆ.

ಜೋಳದ ಸಾಲುಗಳ ನಡುವೆ ಕುಸುಬಿ, ಕಡಲೆ, ಅಗಸಿಗಳನ್ನು ಅಕ್ಕಡಿ ಹಾಕುವುದು, ದನಗಳು ನುಗ್ಗದಂತೆ ಹೊಲದ ಅಂಚಿಗೆ ಮುಳ್ಳುಕುಸುಬಿ ಬಿತ್ತುವುದು, ಕುಂಟೆ ಹೊಡೆದು ಮೇಲ್ಮಣ್ಣನ್ನು ಸಡಿಲಗೊಳಿಸಿ ಒಳಗಿನ ಹಸಿಯನ್ನು ಉಳಿಸುವುದು, ಇಳಿಜಾರಿಗೆ ಅಡ್ಡವಾಗಿ ಒಡ್ಡು ಹಾಕುವುದು ಇವೆಲ್ಲ ಇದೇ ಅರಿವಿನ ಅಂಗಗಳು. ಸುಗ್ಗಿಯ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿ ವರ್ಷಗಟ್ಟಲೆ ಇಡುತ್ತಿದ್ದರು. ಹಗೇವನ್ನು ತೆರೆದ ಕೂಡಲೇ ಒಳಗಿಳಿದರೆ ಕೆಟ್ಟ ಗಾಳಿಯಿಂದ ಪ್ರಾಣಾಪಾಯವೆಂದು ತಿಳಿದು, ಗಾಳಿಯಾಡಲು ಬಿಟ್ಟು ದೀಪ ಇಳಿಸಿ ಪರೀಕ್ಷಿಸುವ ಎಚ್ಚರವೂ ಇತ್ತು.

ಈ ವ್ಯವಸ್ಥೆಯನ್ನು ಆದರ್ಶವೆಂದು ವರ್ಣಿಸುವುದು ಚರಿತ್ರೆಗೆ ನ್ಯಾಯವಾಗದು. ದೊಡ್ಡ ಹಗೇವುಗಳು ಭೂಮಿಯುಳ್ಳವರವು. ಕೂಲಿಯವರಿಗೂ ಊರ ಹೊರಗಿನ ಕೇರಿಗಳವರಿಗೂ ಆ ಕಾಳು ಸಾಲವಾಗಿ, ದುಡಿಮೆಯ ಒತ್ತೆಯಾಗಿ ದೊರೆಯುತ್ತಿತ್ತು. ಡೋಗಿ ಬರದಲ್ಲಾಗಲಿ 1876ರ ಬರದಲ್ಲಾಗಲಿ ಮೊದಲು ಊರು ಬಿಟ್ಟವರು ನೆಲವಿಲ್ಲದವರೇ. ಇಂದಿನ ಹೊಂದಾಣಿಕೆಯ ನೀತಿಯೂ ಇದೇ ಪ್ರಶ್ನೆಯನ್ನು ಎದುರಿಸುತ್ತಿದೆ: ಯಾರ ಹೊಂದಾಣಿಕೆ, ಯಾರ ಖರ್ಚಿನಲ್ಲಿ?

ವಿಜಾಪುರದ ಒಣಬೇಸಾಯ ಕೇಂದ್ರ

‘ಡ್ರೈ ಫಾರ್ಮಿಂಗ್’ ಎಂಬ ಹೆಸರು ಅಮೆರಿಕದ ಪಶ್ಚಿಮ ಬಯಲುಗಳಿಂದ ಬಂದದ್ದು. ಮುಂಬಯಿ ಪ್ರಾಂತದಲ್ಲಿ ಈ ದಿಸೆಯ ಪ್ರಯೋಗಗಳು 1923ರಲ್ಲಿ ಪುಣೆಯ ಬಳಿಯ ಮಾಂಜರಿಯಲ್ಲಿ ವಿ.ಎ. ತಾಮ್ಹಣೆಯವರಿಂದ ಆರಂಭವಾದವು. 1926ರಲ್ಲಿ ನೇಮಕಗೊಂಡ ಕೃಷಿ ರಾಯಲ್ ಆಯೋಗವು 1928ರಲ್ಲಿ ನೀಡಿದ ವರದಿಯ ಫಲವಾಗಿ 1929ರಲ್ಲಿ ಕೇಂದ್ರ ಕೃಷಿ ಸಂಶೋಧನ ಪರಿಷತ್ತು ಸ್ಥಾಪನೆಯಾಯಿತು. ಪರಿಷತ್ತಿನ ನೆರವಿನಿಂದ 1933ರಿಂದ 1935ರ ನಡುವೆ ಸೊಲ್ಲಾಪುರ, ವಿಜಾಪುರ, ಹಗರಿ, ರಾಯಚೂರು ಮತ್ತು ರೋಹ್ಟಕ್‌ಗಳಲ್ಲಿ ಐದು ಒಣಬೇಸಾಯ ಸಂಶೋಧನ ಕೇಂದ್ರಗಳು ತೆರೆದವು. ಆಗ ಮುಂಬಯಿ, ಮದ್ರಾಸು, ಹೈದರಾಬಾದು ಆಡಳಿತಗಳಲ್ಲಿ ಹಂಚಿಹೋಗಿದ್ದ ವಿಜಾಪುರ, ಹಗರಿ, ರಾಯಚೂರು ಮೂರೂ ಇಂದು ಕರ್ನಾಟಕದಲ್ಲಿವೆ ಎಂಬುದು ಗಮನಾರ್ಹ.

ಎನ್.ವಿ. ಕಾನಿಟ್ಕರ್ ಅವರ ನೇತೃತ್ವದಲ್ಲಿ ರೂಪುಗೊಂಡ ‘ಮುಂಬಯಿ ಒಣಬೇಸಾಯ ಪದ್ಧತಿ’ಯ ಅಂಶಗಳನ್ನು ಪರಿಶೀಲಿಸಿದರೆ ಅವುಗಳ ಮೂಲ ಎಲ್ಲಿಯದೆಂಬುದು ತಿಳಿಯುತ್ತದೆ. ಒಡ್ಡು ಹಾಕುವುದು, ಮೂರು ವರ್ಷಕ್ಕೊಮ್ಮೆ ಆಳವಾಗಿ ಉಳುವುದು, ಬಿತ್ತನೆಗೆ ಮೊದಲು ಹಲವು ಸಲ ಕುಂಟೆ ಹೊಡೆಯುವುದು, ಎಕರೆಗೆ ಬೀಜವನ್ನು ಕಡಿಮೆ ಮಾಡಿ ಸಾಲುಗಳ ಅಂತರ ಹೆಚ್ಚಿಸುವುದು, ಬೆಳೆ ನಿಂತಾಗ ಮೇಲಿಂದ ಮೇಲೆ ಎಡೆ ಹೊಡೆಯುವುದು ಇವು ಆ ಪದ್ಧತಿಯ ಮುಖ್ಯ ಸೂತ್ರಗಳು. ಇವುಗಳಲ್ಲಿ ಹೆಚ್ಚಿನವು ದಖ್ಖನಿನ ಒಕ್ಕಲಿಗರು ತಮ್ಮ ಶಕ್ತಿಯಿದ್ದಷ್ಟು ಮಾಡುತ್ತಿದ್ದ ಕೆಲಸಗಳೇ. ಕೇಂದ್ರಗಳು ಅವುಗಳನ್ನು ಅಳೆದು, ಅಂತರ ಮತ್ತು ಪ್ರಮಾಣಗಳನ್ನು ನಿಗದಿಪಡಿಸಿ, ಕ್ರಮಬದ್ಧಗೊಳಿಸಿದವು. ಈ ಪದ್ಧತಿಯಿಂದ ಇಳುವರಿ ಶೇಕಡಾ 15ರಿಂದ 20ರಷ್ಟು ಮಾತ್ರ ಹೆಚ್ಚಿತು. ಎತ್ತು, ಗೊಬ್ಬರ, ಕೂಲಿಗಳ ಹೆಚ್ಚುವರಿ ಖರ್ಚಿಗೆ ಹೋಲಿಸಿದರೆ ಬಡ ಒಕ್ಕಲಿಗನಿಗೆ ಆ ಲಾಭ ಸಾಲದಾದುದರಿಂದ ಪದ್ಧತಿ ನಿರೀಕ್ಷಿಸಿದಷ್ಟು ಹರಡಲಿಲ್ಲ.

ಸರಕಾರಿ ನೀತಿಯಲ್ಲಿ ಉಳಿದದ್ದು ಒಡ್ಡು. 1942ರ ಮುಂಬಯಿ ಭೂಸುಧಾರಣಾ ಯೋಜನೆಗಳ ಕಾಯಿದೆಯು ಸಮಪಾತಳಿ ಒಡ್ಡುಗಳಿಗೆ ಶಾಸನದ ಬಲ ಕೊಟ್ಟಿತು. 1942–43ರಲ್ಲಿ ವಿಜಾಪುರ ಜಿಲ್ಲೆ ಮತ್ತೆ ಬರಕ್ಕೆ ತುತ್ತಾದಾಗ ಒಡ್ಡಿನ ಕೆಲಸವೇ ಬರಗಾಲದ ಕಾಮಗಾರಿಯಾಯಿತು. ಹಸಿದ ಕೂಲಿಯವರ ದುಡಿಮೆಯಿಂದ ಹೊಲವುಳ್ಳವರ ಮಣ್ಣು ಉಳಿಯಿತು. ಆ ದುಡಿಮೆಯನ್ನು ಬರದ ಕಾಮಗಾರಿಯ ಲೆಕ್ಕದಲ್ಲಿ ಬರೆದಿಟ್ಟರೇ ಹೊರತು ಭೂಸುಧಾರಣೆಗೆ ಸಂದ ಕಾಣಿಕೆಯೆಂದು ಯಾರೂ ಪರಿಗಣಿಸಲಿಲ್ಲ.

ಕೆನಡಾದಿಂದ ಪಟಂಚೆರುವಿನವರೆಗೆ

1970ರಲ್ಲಿ ಭಾರತೀಯ ಕೃಷಿ ಸಂಶೋಧನ ಪರಿಷತ್ತು ಕೆನಡಾ ಸರಕಾರದ ಸಹಕಾರದಿಂದ ಅಖಿಲ ಭಾರತ ಸಂಯೋಜಿತ ಒಣಬೇಸಾಯ ಸಂಶೋಧನ ಯೋಜನೆಯನ್ನು ಆರಂಭಿಸಿತು. ಅದರ ಸಮನ್ವಯ ಕೇಂದ್ರ ಹೈದರಾಬಾದಿನಲ್ಲಿದ್ದು, ವಿಜಾಪುರವೂ ಯೋಜನೆಯ ಕೇಂದ್ರಗಳಲ್ಲಿ ಒಂದಾಯಿತು. 1985ರಲ್ಲಿ ಈ ಕಾರ್ಯದಿಂದಲೇ ಕೇಂದ್ರೀಯ ಒಣಬೇಸಾಯ ಸಂಶೋಧನ ಸಂಸ್ಥೆ ಬೆಳೆದು ಬಂದಿತು. 1972ರಲ್ಲಿ ಹೈದರಾಬಾದಿನ ಸಮೀಪದ ಪಟಂಚೆರುವಿನಲ್ಲಿ ಅರೆಶುಷ್ಕ ಉಷ್ಣವಲಯದ ಅಂತಾರಾಷ್ಟ್ರೀಯ ಬೆಳೆ ಸಂಶೋಧನ ಸಂಸ್ಥೆ, ಅಂದರೆ ಇಕ್ರಿಸ್ಯಾಟ್ ಸ್ಥಾಪನೆಯಾಯಿತು. ಅದೇ ವರ್ಷ ದಖ್ಖನಿನಲ್ಲಿ ಮತ್ತೊಂದು ಭೀಕರ ಬರ ಕವಿದಿತ್ತು. ಈ ಸೀಮೆಯ ಹಿರಿಯರು ‘ಎಪ್ಪತ್ತೆರಡರ ಬರ’ ಎಂದು ಇಂದಿಗೂ ನೆನೆಯುವುದು ಇದನ್ನೇ.

ವಿಜಾಪುರ ಕೇಂದ್ರವು ಈ ಅವಧಿಯಲ್ಲಿ ಬಿಳಿಜೋಳ, ಕಡಲೆ, ಕುಸುಬಿಗಳ ಹಿಂಗಾರಿ ಬೇಸಾಯಕ್ಕೆ ತೇವ ಹಿಡಿದಿಡುವ ಕ್ರಮಗಳನ್ನು ಬೆಳೆಸಿತು. ಮುಂಗಾರಿನಲ್ಲಿ ಖಾಲಿ ಬಿಟ್ಟ ಹೊಲವನ್ನು ಸಣ್ಣ ಬದುಗಳಿಂದ ವಿಭಾಗಿಸಿ ಚೌಕುಮಡಿ ಮಾಡಿ, ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಇಂಗಿಸುವುದು ಅವುಗಳಲ್ಲಿ ಮುಖ್ಯವಾದುದು. 1986ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಕೇಂದ್ರವು ಅದರ ಆಶ್ರಯಕ್ಕೆ ಬಂದಿತು. 2014ರಲ್ಲಿ ರಾಜ್ಯ ಸರಕಾರ ಆರಂಭಿಸಿದ ಕೃಷಿ ಭಾಗ್ಯ ಯೋಜನೆಯ ಹಿಂದೆಯೂ ಇಂಥ ಕೇಂದ್ರಗಳ ಕೃಷಿ ಹೊಂಡದ ಅನುಭವವಿದೆ.

ಇಕ್ರಿಸ್ಯಾಟ್ 1975ರಲ್ಲಿ ಆರಂಭಿಸಿದ ಗ್ರಾಮ ಮಟ್ಟದ ಅಧ್ಯಯನಗಳು ಮತ್ತೊಂದು ಮಗ್ಗುಲನ್ನು ತೆರೆದವು. ತೆಲಂಗಾಣದ ಔರೆಪಲ್ಲೆ, ಸೊಲ್ಲಾಪುರ ಜಿಲ್ಲೆಯ ಶಿರಾಪುರ, ಅಕೋಲಾ ಜಿಲ್ಲೆಯ ಕಾಂಝರಾ ಮೊದಲಾದ ಹಳ್ಳಿಗಳಲ್ಲಿ ಸಂಶೋಧಕರು ಅಲ್ಲಿಯೇ ನೆಲೆಸಿ ಮನೆಮನೆಯ ಆದಾಯ, ಬೆಳೆ, ಸಾಲ, ವಲಸೆಗಳನ್ನು ವರ್ಷಾನುಗಟ್ಟಲೆ ದಾಖಲಿಸಿದರು. ಎನ್.ಎಸ್. ಜೋಧಾ, ಥಾಮಸ್ ವಾಕರ್, ಜೇಮ್ಸ್ ರಯಾನ್ ಮೊದಲಾದವರ ಬರಹಗಳಿಂದ ಮಿಶ್ರಬೆಳೆ, ಕಾಳಿನ ಸಂಗ್ರಹ, ದನ ಮಾರುವುದು, ಗುಳೆ ಹೋಗುವುದು ಇವೆಲ್ಲ ಗಂಡಾಂತರವನ್ನು ಹಂಚಿಕೊಳ್ಳುವ ವಿವೇಚನೆಯ ಕ್ರಮಗಳೆಂದು ವಿದ್ವತ್ ಲೋಕಕ್ಕೆ ಮನವರಿಕೆಯಾಯಿತು. ಒಕ್ಕಲಿಗರ ಹಿಂಜರಿಕೆಯನ್ನು ಅಜ್ಞಾನವೆಂದು ಎಣಿಸುತ್ತಿದ್ದ ದೃಷ್ಟಿ ಆ ಮೂಲಕ ಬದಲಾಯಿತು. 2009ರಲ್ಲಿ ಈ ಅಧ್ಯಯನ ವಿಸ್ತರಿಸಿದಾಗ ಇಂಡಿ ತಾಲೂಕಿನ ಕಪನಿಂಬರಗಿ ಮತ್ತು ಆಗಿನ ಬಸವನ ಬಾಗೇವಾಡಿ ತಾಲೂಕಿನ ಮಾರ್ಕಬ್ಬಿನಹಳ್ಳಿ ಅದರೊಳಗೆ ಸೇರಿದವು. ಗೊಳಸಂಗಿ ಸೀಮೆಯ ನೆರೆಹೊರೆಯ ಬದುಕು ಹೀಗೆ ಜಗತ್ತಿನ ಸಂಶೋಧಕರು ಬಳಸುವ ಅಂಕಿಅಂಶವಾಯಿತು.

ಹವಾಮಾನ ಬದಲಾವಣೆಯ ಹೆಸರಿನಲ್ಲಿಯೇ ನಡೆದ ಸಹಕಾರವೂ ಉಂಟು. ಕೆನಡಾ ಮತ್ತು ಬ್ರಿಟನ್‌ಗಳ ನೆರವಿನಿಂದ ಆಫ್ರಿಕಾ ಹಾಗೂ ಭಾರತದ ಅರೆಶುಷ್ಕ ಪ್ರದೇಶಗಳಲ್ಲಿ 2014ರಿಂದ ಕೆಲವು ವರ್ಷ ನಡೆದ ‘ಅಸ್ಸಾರ್’ ಎಂಬ ಹೊಂದಾಣಿಕೆ ಅಧ್ಯಯನದಲ್ಲಿ ಬೆಂಗಳೂರಿನ ಭಾರತೀಯ ಮಾನವ ವಸಾಹತುಗಳ ಸಂಸ್ಥೆ ಪಾಲುದಾರನಾಗಿತ್ತು. ಕಲಬುರಗಿ ಮತ್ತು ಕೋಲಾರ ಜಿಲ್ಲೆಗಳಿಂದ ಬೆಂಗಳೂರಿಗೆ ಬರುವ ವಲಸೆಯನ್ನು ಅದು ಪರಿಶೀಲಿಸಿತು. ನೆರೆಯ ಜಿಲ್ಲೆಯ ಈ ವಲಸೆ ವಿಜಯಪುರದ ಗುಳೆಯದೇ ಇನ್ನೊಂದು ರೂಪ.

ಮಾಲದಂಡಿಯ ಪಾಠ

ಸಹಕಾರದ ಸ್ವರೂಪವನ್ನು ತಿಳಿಯಲು ಒಂದು ಬೀಜದ ಕಥೆ ಸಾಕು. ಸೊಲ್ಲಾಪುರ ಜಿಲ್ಲೆಯ ಮೋಹೊಳದಲ್ಲಿ 1930ರ ದಶಕದಲ್ಲಿ ಜನರ ‘ಮಾಲದಂಡಿ’ ಜೋಳದಿಂದ ಆರಿಸಿ ತೆಗೆದ ಎಂ. 35-1 ಎಂಬ ತಳಿ ಹಿಂಗಾರಿ ಜೋಳದ ಸೀಮೆಯಲ್ಲೆಲ್ಲ ಹರಡಿತು. 1964ರಲ್ಲಿ ಸಿ.ಎಸ್.ಎಚ್.-1 ಎಂಬ ಸಂಕರಣ ತಳಿ ಬಂದ ಮೇಲೆ ಮುಂಗಾರಿ ಜೋಳದ ಚಿತ್ರ ಬದಲಾಯಿತಾದರೂ ಹಿಂಗಾರಿಯಲ್ಲಿ ಮಾಲದಂಡಿ ಹಿಮ್ಮೆಟ್ಟಲಿಲ್ಲ. ಮುತ್ತಿನಂಥ ಕಾಳು, ಮೃದುವಾದ ರೊಟ್ಟಿ, ದನಗಳಿಗೆ ರುಚಿಸುವ ಕಣಿಕೆ ಇವು ಅದಕ್ಕೆ ಕಾರಣ. ಇಳುವರಿಯ ಕೋಷ್ಟಕದಲ್ಲಿ ರೊಟ್ಟಿಗೂ ಕಣಿಕೆಗೂ ಅಂಕಣವಿರಲಿಲ್ಲ. ಆ ಅಂಕಣವನ್ನು ಮನಸ್ಸಿನಲ್ಲಿಟ್ಟುಕೊಂಡು ಬೀಜವನ್ನು ಆರಿಸಿ ಕಾದಿಟ್ಟವರು ಮನೆಯ ಹೆಣ್ಣುಮಕ್ಕಳು.

ಜೋಳ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದ ಬೆಳೆ. ಇತ್ತೀಚಿನ ದಶಕಗಳಲ್ಲಿ ಅದೇ ಹಾದಿ ಮತ್ತೆ ತೆರೆಯಿತು. ಹಿಂಗಾರಿಯ ಕೊನೆಯಲ್ಲಿ ಮಣ್ಣಿನ ಹಸಿ ಆರಿದಾಗಲೂ ಎಲೆ ಒಣಗದೆ ಕಾಳು ತುಂಬುವ ‘ಹಸಿರುಳಿಕೆ’ ಗುಣವು ಇಥಿಯೋಪಿಯಾದ ನಾಟಿ ಜೋಳವೊಂದರಲ್ಲಿತ್ತು. ಅಮೆರಿಕದ ಟೆಕ್ಸಾಸಿನಲ್ಲಿ ಅದನ್ನು ಬಿ 35 ಎಂಬ ತಳಿಯಾಗಿ ರೂಪಿಸಲಾಯಿತು. ಆಸ್ಟ್ರೇಲಿಯಾದ ಅಂತಾರಾಷ್ಟ್ರೀಯ ಕೃಷಿ ಸಂಶೋಧನ ನೆರವಿನಿಂದ ಕ್ವೀನ್ಸ್‌ಲೆಂಡಿನ ವಿಜ್ಞಾನಿಗಳು, ಇಕ್ರಿಸ್ಯಾಟ್ ಹಾಗೂ ಹೈದರಾಬಾದಿನ ಜೋಳ ಸಂಶೋಧನ ನಿರ್ದೇಶನಾಲಯ ಸೇರಿ ಆ ಗುಣವನ್ನು ಭಾರತದ ಹಿಂಗಾರಿ ಜೋಳಕ್ಕೆ ಕೂಡಿಸುವ ಕೆಲಸ ಕೈಗೊಂಡರು. ಇಥಿಯೋಪಿಯಾದ ಒಕ್ಕಲಿಗರು ಉಳಿಸಿದ ಗುಣವೊಂದು ಮೂರು ಖಂಡಗಳನ್ನು ಸುತ್ತಿ ದಖ್ಖನಿನ ಒಕ್ಕಲಿಗರು ಉಳಿಸಿದ ಜೋಳವನ್ನು ಸೇರುವ ಈ ಪಯಣದಲ್ಲಿ ಎರಡೂ ತುದಿಗಳ ಜನ ಒಬ್ಬರನ್ನೊಬ್ಬರು ಅರಿಯರು. 2008ರಲ್ಲಿ ನಾರ್ವೆಯ ಸ್ವಾಲ್‌ಬಾರ್ಡಿನಲ್ಲಿ ಹಿಮದ ನೆಲದೊಳಗೆ ತೆರೆದ ಜಾಗತಿಕ ಬೀಜ ಭಂಡಾರದಲ್ಲಿ ಇಕ್ರಿಸ್ಯಾಟ್ ತನ್ನ ಸಂಗ್ರಹದ ಪ್ರತಿಗಳನ್ನು ಇರಿಸಿದೆ. ಅದೇ ಅವಧಿಯಲ್ಲಿ ಈ ಸೀಮೆಯ ಹಗೇವುಗಳು ಹಾಳುಬಿದ್ದು ಮುಚ್ಚಿಹೋಗಿವೆ.

ನೀರಿನ ಲೆಕ್ಕ ಪರಿಶೋಧನೆ

ಅಂತಾರಾಷ್ಟ್ರೀಯ ಸಹಕಾರ ಸ್ಥಳೀಯ ಭ್ರಮೆಗಳನ್ನು ತಿದ್ದಿದ ಉದಾಹರಣೆಯೂ ಇದೆ. ಬ್ರಿಟನ್ನಿನ ಅಂತಾರಾಷ್ಟ್ರೀಯ ಅಭಿವೃದ್ಧಿ ಇಲಾಖೆಯ ನೆರವಿನಿಂದ ವಿಜಾಪುರ, ಬಳ್ಳಾರಿ, ಚಿತ್ರದುರ್ಗ ಜಿಲ್ಲೆಗಳಲ್ಲಿ ನಡೆದ ‘ಕವಾಡ್’ ಜಲಾನಯನ ಯೋಜನೆಯಲ್ಲಿ ವಿಜಾಪುರ ಜಿಲ್ಲೆಯ ದೊಡ್ಡಹಳ್ಳ ಸೇರಿತ್ತು. 2000ದ ಸುಮಾರಿಗೆ ಚಾರ್ಲ್ಸ್ ಬ್ಯಾಚಲರ್, ರಾಮಮೋಹನ ರಾವ್ ಮೊದಲಾದ ತಜ್ಞರು ಯೋಜನಾ ಪ್ರದೇಶದ ನೀರಿನ ಲೆಕ್ಕ ಪರಿಶೋಧನೆ ನಡೆಸಿದರು. ಮಳೆ ಕಡಿಮೆಯಾದುದರಿಂದ ನೀರಿಲ್ಲವಾಯಿತೆಂಬ ಸಾಮಾನ್ಯ ನಂಬಿಕೆಗೆ ದಾಖಲೆಗಳ ಬೆಂಬಲ ಸಿಗಲಿಲ್ಲ. ಹರಿದುಹೋಗುವ ನೀರು ಅಧಿಕಾರಿಗಳು ಊಹಿಸಿದ್ದಕ್ಕಿಂತ ಬಹಳ ಕಡಿಮೆಯಿತ್ತು. ಕೊಳವೆಬಾವಿಗಳಿಂದ ಎತ್ತುವ ನೀರು ಬೆಳೆಯುತ್ತ ಹೋಗಿತ್ತು. ಮೇಲ್ಭಾಗದಲ್ಲಿ ಒಡ್ಡು, ತಡೆಗಟ್ಟೆಗಳನ್ನು ಹೆಚ್ಚಿಸಿದಷ್ಟೂ ಕೆಳಭಾಗದ ಕೆರೆಗೆ ಬರುವ ನೀರು ಕುಗ್ಗುತ್ತದೆಂಬುದೂ ತಿಳಿದುಬಂದಿತು. ಜಲಾನಯನ ಅಭಿವೃದ್ಧಿ ಪರಿಹಾರವೋ ಸಮಸ್ಯೆಯ ಭಾಗವೋ ಎಂಬ ಪ್ರಶ್ನೆಯನ್ನು ಈ ತಜ್ಞರು ನೇರವಾಗಿಯೇ ಎತ್ತಿದರು.

ಜನಪದ ಅರಿವನ್ನು ಗೌರವಿಸುವವರಿಗೂ ಇಲ್ಲಿ ಎಚ್ಚರಿಕೆಯಿದೆ. ನೆನಪು ಬರವನ್ನು ಉಳಿಸಿಕೊಳ್ಳುವಷ್ಟು ಸರಾಸರಿ ಮಳೆಯನ್ನು ಉಳಿಸಿಕೊಳ್ಳುವುದಿಲ್ಲ. ಮಳೆ ನಕ್ಷತ್ರಗಳ ಪಂಚಾಂಗವೂ ನಿರಯನ ಗಣನೆಯದಾದುದರಿಂದ ಋತುವಿಗೆ ಹೋಲಿಸಿದರೆ ಸುಮಾರು ಎಪ್ಪತ್ತು ವರ್ಷಕ್ಕೆ ಒಂದು ದಿನದಂತೆ ಸರಿಯುತ್ತದೆ. ಶತಮಾನಗಳ ಹಿಂದೆ ಹುಟ್ಟಿದ ಗಾದೆಯನ್ನು ಇಂದಿನ ಮಳೆಗೆ ಹಾಗೆಯೇ ಅನ್ವಯಿಸಲಾಗದು. ಅಳತೆ ಮತ್ತು ಅನುಭವ ಒಂದನ್ನೊಂದು ಪರೀಕ್ಷಿಸಬೇಕಾದುದು ಈ ಕಾರಣದಿಂದಲೇ.

ಒಪ್ಪಂದದ ಮಾತು, ಸೀಮೆಯ ಸ್ಥಿತಿ

1992ರ ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಚೌಕಟ್ಟು ಒಪ್ಪಂದವು ಹೊಂದಾಣಿಕೆಯ ಸಿದ್ಧತೆಯಲ್ಲಿ ಎಲ್ಲ ದೇಶಗಳು ಸಹಕರಿಸಬೇಕೆಂದು ಹೇಳಿತು. ಮರುಭೂಮೀಕರಣ ತಡೆಯುವ 1994ರ ಒಪ್ಪಂದವು ಸ್ಥಳೀಯ ಹಾಗೂ ಪಾರಂಪರಿಕ ಜ್ಞಾನವನ್ನು ಸಂರಕ್ಷಿಸಿ ಬಳಸಬೇಕೆಂದೂ ಅದರ ವಾಣಿಜ್ಯ ಬಳಕೆಯ ಲಾಭದಲ್ಲಿ ಸ್ಥಳೀಯ ಜನರಿಗೆ ನೇರ ಪಾಲು ಸಿಗಬೇಕೆಂದೂ ಸೇರಿಸಿತು. 2015ರ ಪ್ಯಾರಿಸ್ ಒಪ್ಪಂದದ 7ನೆಯ ವಿಧಿಯು ಹೊಂದಾಣಿಕೆಗೆ ಲಭ್ಯವಿರುವ ಉತ್ತಮ ವಿಜ್ಞಾನದ ಜೊತೆಗೆ ಪಾರಂಪರಿಕ ಜ್ಞಾನ ಮತ್ತು ಸ್ಥಳೀಯ ಜ್ಞಾನಪದ್ಧತಿಗಳು ಆಧಾರವಾಗಬೇಕೆಂದಿತು. 2023ರಲ್ಲಿ ದುಬೈ ಸಮ್ಮೇಳನ ಅಂಗೀಕರಿಸಿದ ಚೌಕಟ್ಟಿನಲ್ಲಿ ಹವಾಮಾನದ ಅಪಾಯದಿಂದ ಸಾಂಸ್ಕೃತಿಕ ಪರಂಪರೆಯನ್ನು ಕಾಪಾಡುವುದೂ ಒಂದು ಗುರಿಯಾಗಿದೆ. ಅದೇ 2023ನ್ನು ವಿಶ್ವಸಂಸ್ಥೆ ಭಾರತದ ಪ್ರಸ್ತಾವದಂತೆ ಸಿರಿಧಾನ್ಯಗಳ ವರ್ಷವಾಗಿ ಆಚರಿಸಿತು. ಆ ಧಾನ್ಯಗಳಲ್ಲಿ ಜೋಳವೂ ಸೇರಿತ್ತು.

ಭಾರತದಲ್ಲಿ 2008ರ ರಾಷ್ಟ್ರೀಯ ಕ್ರಿಯಾಯೋಜನೆ, 2011ರಲ್ಲಿ ಆರಂಭವಾದ ಹವಾಮಾನ ತಾಳಿಕೆಯ ಕೃಷಿಯ ರಾಷ್ಟ್ರೀಯ ಕಾರ್ಯಕ್ರಮ, 2015ರ ರಾಷ್ಟ್ರೀಯ ಹೊಂದಾಣಿಕೆ ನಿಧಿ ಇವು ಈ ಒಪ್ಪಂದಗಳ ದಿಕ್ಕಿನಲ್ಲಿ ಇಟ್ಟ ಹೆಜ್ಜೆಗಳು. 1988ರಲ್ಲಿ ಬರ ನಿರ್ವಹಣೆಯ ಕೋಶವಾಗಿ ಹುಟ್ಟಿದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿತು.

ಗೊಳಸಂಗಿ ಸೀಮೆಯ ಸ್ಥಿತಿ ಈ ನಡುವೆ ಬಹಳ ಬದಲಾಗಿದೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟು 2006ರಲ್ಲಿ ರಾಷ್ಟ್ರಕ್ಕೆ ಅರ್ಪಣೆಯಾಯಿತು. ಅದರ ಹಿನ್ನೀರಿಗೆ ಅನೇಕ ಊರುಗಳು ಮುಳುಗಿದವು. ಮುಳವಾಡ ಏತ ನೀರಾವರಿಯ ಮೂಲಕ ನೀರು ಎರೆಭೂಮಿಗೆ ಏರುತ್ತಿದೆ. ಬಿಳಿಜೋಳದ ಹೊಲಗಳಲ್ಲಿ ತೊಗರಿ, ಕಬ್ಬುಗಳು ಹೆಚ್ಚಿವೆ. 2019ರ ಆಗಸ್ಟಿನಲ್ಲಿ ಕೃಷ್ಣೆಯ ಪ್ರವಾಹ ಬಂದಾಗ ಬರದ ನಾಡು ನೆರೆಯ ನಾಡೂ ಆಯಿತು. ಗೊಳಸಂಗಿಗೆ ಸಮೀಪದ ಕೂಡಗಿಯಲ್ಲಿ 2018ರ ಹೊತ್ತಿಗೆ 2,400 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರ ಪೂರ್ಣಗೊಂಡಿತು. ಸ್ಥಾವರಕ್ಕೆ ಸುತ್ತಲಿನ ಹಳ್ಳಿಗಳ ಜನ ತೋರಿದ ವಿರೋಧವು 2014ರ ಜುಲೈನಲ್ಲಿ ಪೊಲೀಸ್ ಗೋಲಿಬಾರಿನವರೆಗೆ ಹೋಗಿತ್ತು. ಹವಾಮಾನವನ್ನು ಬದಲಿಸುವ ಇಂಧನ ಉರಿಯುವುದೂ ಆ ಬದಲಾವಣೆಗೆ ಹೊಂದಿಕೊಳ್ಳಬೇಕೆಂಬ ಉಪದೇಶ ತಲುಪುವುದೂ ಒಂದೇ ಸೀಮೆಯ ಜನರಿಗೆ. ಈ ವೈರುಧ್ಯವನ್ನು ಬಿಟ್ಟು ಹೊಂದಾಣಿಕೆಯ ಚರಿತ್ರೆಯನ್ನು ಬರೆಯಲಾಗದು.

ಉಪಸಂಹಾರ

ಒಟ್ಟಿನಲ್ಲಿ ನೋಡಿದಾಗ ವಿಜಯಪುರದ ಒಣಸೀಮೆಯಲ್ಲಿ ಅಂತಾರಾಷ್ಟ್ರೀಯ ಸಹಕಾರವು ಫಲ ಕೊಟ್ಟದ್ದು ಜನರ ಅರಿವಿನಿಂದ ಆರಂಭಿಸಿದಾಗ: ಒಡ್ಡಿನಲ್ಲಿ, ಚೌಕುಮಡಿಯಲ್ಲಿ, ಮಾಲದಂಡಿಯಲ್ಲಿ. ಅದು ಎಡವಿದ್ದು ಒಕ್ಕಲಿಗನ ಖರ್ಚನ್ನೂ ರೊಟ್ಟಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದಾಗ. ಜ್ಞಾನವು ಊರಿನಿಂದ ಕೇಂದ್ರಕ್ಕೂ ಕೇಂದ್ರದಿಂದ ಜಗತ್ತಿಗೂ ಹರಿದಷ್ಟು ಸುಲಭವಾಗಿ ಮರಳಿ ಕನ್ನಡದಲ್ಲಿ ಊರಿಗೆ ಹರಿಯಲಿಲ್ಲ. ಕಪನಿಂಬರಗಿಯ ಮತ್ತು ಮಾರ್ಕಬ್ಬಿನಹಳ್ಳಿಯ ಮನೆಗಳ ಲೆಕ್ಕ ವಿದೇಶದ ವಿದ್ವಾಂಸನಿಗೆ ಇಂಗ್ಲಿಷಿನಲ್ಲಿ ದೊರೆಯುತ್ತದೆ. ಅದನ್ನು ಕೊಟ್ಟವರ ಮಕ್ಕಳು ಓದಬಲ್ಲ ಭಾಷೆಯಲ್ಲಿಯೂ ಅದು ದೊರೆಯಬೇಕು.

ಈ ದಿಸೆಯಲ್ಲಿ ಜಾನಪದ ಅಧ್ಯಯನಕ್ಕೆ ಖಚಿತವಾದ ಕೆಲಸವಿದೆ. ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ಸಂಗ್ರಹಿಸಿರುವ ಮಳೆಯ ಗಾದೆ, ಬರದ ನೆನಪು, ಬಿತ್ತನೆಯ ಆಚರಣೆಗಳು ಈವರೆಗೆ ಬಹುಮಟ್ಟಿಗೆ ಸಾಹಿತ್ಯವಾಗಿ ಸಂಪಾದನೆಗೊಂಡಿವೆ. ಅವುಗಳನ್ನು ಊರು, ಕಾಲ, ನಕ್ಷತ್ರ, ಬೆಳೆಗಳ ಪ್ರಕಾರ ವರ್ಗೀಕರಿಸಿ, ವಿಜಯಪುರ ಕೇಂದ್ರದ ದಶಕಗಳ ಮಳೆ ದಾಖಲೆಗಳೊಂದಿಗೂ ಪಂಚಾಯಿತಿಗಳ ಮಳೆಮಾಪಕಗಳೊಂದಿಗೂ ಹೋಲಿಸಿದರೆ ಯಾವ ಅರಿವು ಇಂದಿಗೂ ಸಲ್ಲುತ್ತದೆ, ಯಾವುದು ಸಲ್ಲದು ಎಂಬುದು ಸ್ಪಷ್ಟವಾಗುತ್ತದೆ. ಹೇಳಿದವರ ಹೆಸರು, ಊರು, ಕಸುಬುಗಳನ್ನು ಅವರ ಒಪ್ಪಿಗೆಯೊಡನೆ ದಾಖಲಿಸಿದರೆ ಆ ಅರಿವಿನ ಒಡೆತನವೂ ಉಳಿಯುತ್ತದೆ. ನೆಲವಿಲ್ಲದವರ, ಗುಳೆ ಹೋದವರ, ಬೀಜ ಕಾದಿಟ್ಟ ಹೆಣ್ಣುಮಕ್ಕಳ ನೆನಪುಗಳಿಗೆ ಇದರಲ್ಲಿ ಮೊದಲ ಪಾಶಸ್ತ್ಯ ಸಲ್ಲಬೇಕು. ಹಿಂಗಾರಿ ಜೋಳದ ಹೊಲ ಕುಗ್ಗಿದಂತೆ ಅದರ ಸುತ್ತಲಿನ ಮಾತೂ ಕುಗ್ಗುತ್ತಿದೆ. ಎಪ್ಪತ್ತೆರಡರ ಬರವನ್ನು ಕಣ್ಣಾರೆ ಕಂಡವರು ವರ್ಷ ವರ್ಷಕ್ಕೂ ವಿರಳವಾಗುತ್ತಿರುವುದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ.